ಅಪ್ಪ ಸೇದಿದ ಸಿಗಾರ್

ಮೈಲೂರ, ಬೀದರ
ಮೇ ೬, ೨೦೨೫

ಪ್ರೀತಿಯ ಅವ್ವನಿಗೆ ವಿಶಾಖಾಳ ಜೈಭೀಮ್.

ಫೋನು ಇರುವಾಗ ಇವಳೇಕೆ ಪತ್ರ ಬರೆದಳು ಎಂದು ನೀನು ಹುಬ್ಬು ಗಂಟಿಕ್ಕುತ್ತೀ, ಗೊತ್ತು. ಕಿವಿ ಮಂದವಾದ ಮೇಲೆ ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀ. ನಾನು ಇಲ್ಲಿ ಸೀನಿದರೆ ಮೆಹಕರದ ಅರ್ಧ ಓಣಿಗೆ ಕೇಳುತ್ತದೆ. ಈಗ ಹೇಳಬೇಕಾದದ್ದು ಓಣಿಗೆ ಕೇಳುವಂಥದ್ದಲ್ಲ. ದವಾಖಾನೆಗೆಂದು ಬಂದಿದ್ದ ನಿಮ್ಮ ಪಕ್ಕದ ಮನೆಯ ಜಿಜಾಬಾಯಿ ಕಾಕುವಿನ ಕೈಯಲ್ಲಿ ಈ ಪತ್ರವನ್ನೂ ಒಂದು ಸ್ಟೀಲ್ ಡಬ್ಬಿಯನ್ನೂ ಕಳಿಸುತ್ತಿದ್ದೇನೆ. ಡಬ್ಬಿಯಲ್ಲಿ ಚಕ್ಕುಲಿ ಇದೆ ಎಂದು ಅವಳಿಗೆ ಹೇಳಿದ್ದೇನೆ. ಒಬ್ಬಳೇ ಇದ್ದಾಗ ತೆರೆ. ನಿನಗಾಗಿ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಬೆರಳಿಟ್ಟುಕೊಂಡು ನಿಧಾನವಾಗಿ ಓದು.

ತಮ್ಮ ಅಶ್ವಜಿತ ಬರುವ ಭಾನುವಾರ ದುಬೈಯಿಂದ ಹೈದರಾಬಾದಿನಲ್ಲಿ ಇಳಿದು ನೇರವಾಗಿ ಊರಿಗೆ ಬರುತ್ತಾನೆ. ನಾನೂ ನಿನ್ನ ಅಳಿಯ ರತ್ನದೀಪರೂ ಮರುದಿನ ಬುದ್ಧ ಪೂರ್ಣಿಮೆಗೇ ಬರುವುದು. ಶಾಲೆಯಲ್ಲಿ ನಪಾಸಾದ ಮಕ್ಕಳಿಗೆ ವಿಶೇಷ ತರಗತಿ ಹಚ್ಚಿದ್ದಾರೆ, ರಜೆಯಲ್ಲೂ ನಾನು ಔರಾದಿನ ಬಸ್ಸು ಹತ್ತಲೇಬೇಕು. ಅಂದರೆ ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ಮನೆಗೆ ಕಾಲಿಡುವ ಮಗನ ಎದುರು ನೀನು ಒಬ್ಬಳೇ ಇರುತ್ತೀ. ಚಹಾ ಕುಡಿಯುವ ಮೊದಲೇ ಅವನು ಅಪ್ಪ ಸೇದಿದ ಸಿಗಾರಿನ ಬಗ್ಗೆ ಕೇಳುತ್ತಾನೆ. ಅದಕ್ಕೆ ನೀನು ಏನು ಹೇಳುತ್ತೀ ಎಂಬ ಚಿಂತೆ ನನ್ನ ನಿದ್ದೆ ಕೆಡಿಸಿದೆ.

ನೀನು ಮತ್ತೆ "ಅದೇನು ದೊಡ್ಡ ಮಾತು" ಎನ್ನಬಾರದೆಂದು ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಅವನು ದುಬೈಯ ಹೋಟೆಲಿನಲ್ಲಿ ಸಿಗಾರ್ ಸೇದುವವರ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ದಿನದಿಂದ ಅಪ್ಪ ಅವನ ಜೊತೆ ಮಾತು ಬಿಟ್ಟರು. ನಮ್ಮಪ್ಪ ಎಂಥವರು? ಪಂಚಶೀಲ ತೆಗೆದುಕೊಂಡ ದಿನ ಜೇಬಿನ ಬೀಡಿ ಕಟ್ಟನ್ನು ಬಸ್ಸಿನ ಕಿಟಕಿಯಿಂದ ಎಸೆದು, ಸ್ಟೇರಿಂಗ್ ಬಿಟ್ಟು ನಿವೃತ್ತರಾದ ಮೇಲೂ ಮತ್ತೆ ಮುಟ್ಟದ ಡ್ರೈವರು. "ನಶಾ ಮಾರಿದ ರೊಕ್ಕ ನನ್ನ ಹೊಸ್ತಲ ದಾಟಬಾರದು" ಎಂದರು. ಅಲ್ಲಿಗೆ ಮುಗಿಯಿತು. ಆರು ವರ್ಷ ತಂದೆ ಮಗ ಇಬ್ಬರೂ ನಿನ್ನ ಬಾಯಿಂದಲೇ ಮಾತಾಡಿದರು. ಅವನು ಫೋನಿನಲ್ಲಿ ಅಪ್ಪ ಹೇಗಿದ್ದಾರೆ ಎಂದು ಕೇಳಬೇಕು, ಇವರು ಕಟ್ಟೆಯ ಮೇಲೆ ಕೂತು "ಆರಾಮ ಇದ್ದಾರಂತ ಹೇಳು" ಎನ್ನಬೇಕು.

ಈ ಫೆಬ್ರವರಿಯ ಕೊನೆಗೆ, ದುಬೈಯಲ್ಲೇ ಕೆಲಸ ಮಾಡುವ ಬೀದರಿನ ನಜಮೋದ್ದೀನ ಕಾಕಾ ರಜೆಗೆ ಬಂದಾಗ, ಅವನು ಅವರ ಕೈಯಲ್ಲಿ ಅಪ್ಪನಿಗೆಂದು ಕ್ಯೂಬಾ ದೇಶದ ಮೂರು ಗಿಡ್ಡ ಸಿಗಾರುಗಳನ್ನು ಕಳಿಸಿದ. ಶೀಲ ತೆಗೆದುಕೊಂಡ ಮನುಷ್ಯನಿಗೆ ಸಿಗಾರ್ ಕಳಿಸುವುದೆಂದರೆ ಹುಡುಗನ ತಲೆ ಕೆಟ್ಟಿದೆ ಎಂದು ನನಗೂ ಅನಿಸಿತು. ಆಮೇಲೆ ಅವನೇ ಹೇಳಿದ, "ಚಟಾ ಹಚ್ಚಲಿಕ್ಕ ಅಲ್ಲ ಅಕ್ಕಾ. ನಾ ದಿನಾ ಕೈಯಾಗ ಏನ ಹಿಡಿತೇನಿ ಅಂತ ಅಪ್ಪ ಒಮ್ಮಿ ಹಿಡದು ನೋಡ್ಲಿ. ನೋಡಿ ಬೇಕಾದ್ರ ಬೈಲಿ." ಅಪ್ಪ ಮಾರ್ಚಿನಲ್ಲಿ ಹೊಲದಿಂದ ಬಂದು ಕೈಕಾಲು ತೊಳೆಯುವಾಗ ಕುಸಿದರು. ಅವನಿಗೆ ಮಣ್ಣಿಗೂ ಬರಲಾಗಲಿಲ್ಲ. ಅಪ್ಪನ ಹೆಸರಿನ ಪುಣ್ಯಾನುಮೋದನೆಯ ಕಾರ್ಯ ಮುಗಿದ ಮರುದಿನ ನೀನು ಜೋಳದ ಡಬ್ಬದಿಂದ ಆ ಪಾರ್ಸಲ್ ತೆಗೆದು ನನ್ನ ಚೀಲಕ್ಕೆ ಹಾಕಿದೆ. "ಅವರು ಬ್ಯಾಡ ಅಂದ್ರು. ನೀ ಒಯ್ಯಿ" ಎಂದೆ. ಮತ್ತೇನೂ ಹೇಳಲಿಲ್ಲ.

ಅದೇ ವಾರ ಅವನು ಫೋನು ಮಾಡಿದ. ಅಪ್ಪ ಸೇದಿದರೇ ಎಂದು ಕೇಳಿದ. ಅವನ ದನಿ ಕೇಳಿ ನನಗೆ ನಿಜ ಹೇಳುವ ಧೈರ್ಯ ಆಗಲಿಲ್ಲ. ಸೇದಿದರು ಎಂದುಬಿಟ್ಟೆ. ಅವನು ಅಳುತ್ತ ಅಂದ, "ಬ್ಯಾಡ ಅಂದಿದ್ರ ನಾ ಇನ್ನ ಊರಿಗಿ ಬರತಿರಲಿಲ್ಲಕ್ಕ. ಯಾವ ಮಾರಿ ತಗೊಂಡು ಬರ್ಲಿ?" ಅತ್ತು ಮುಗಿದ ಮೇಲೆ ಶುರುವಾಯಿತು ನೋಡು ಅವನ ವಿಚಾರಣೆ. ತುದಿ ಹೇಗೆ ಕೊಯ್ದರು, ಯಾವುದರಿಂದ ಹಚ್ಚಿದರು, ಬೂದಿ ಎಷ್ಟುದ್ದ ನಿಂತಿತು, ಕೊನೆಗೆ ಏನಂದರು. "ನಾ ಅಲ್ಲಿರಲಿಲ್ಲೋ, ಅವ್ವ ಇದ್ದಳು, ಊರಿಗಿ ಬಂದಾಗ ಆಕಿನ್ನೇ ಕೇಳು" ಎಂದು ನಿನ್ನ ಮೇಲೆ ಹಾಕಿ ಪಾರಾದೆ.

ಮುಂದಿನ ಸಲ ಊರಿಗೆ ಬಂದಾಗ ಇದನ್ನು ನಿನಗೆ ಹೇಳಿದರೆ, ನೀನಾದರೋ ಪಟ್ಟು ಹಿಡಿದು ಕೂತೆ. "ನಾಕನೇ ಶೀಲ ನಾ ಮುರಿಯೂದಿಲ್ಲ. ಅವರು ಬ್ಯಾಡ ಅಂದ್ರು, ಅಷ್ಟ ಹೇಳ್ತೇನಿ. ಸತ್ತವರ ಬಾಯಾಗ ಹೊಗಿ ತುಂಬಬ್ಯಾಡ" ಎಂದೆ. ಸುಳ್ಳು ಹೇಳಬಾರದೆಂಬ ನಾಲ್ಕನೆಯದಕ್ಕೆ ಇಷ್ಟು ಬಿಗಿಯಾಗಿರುವವಳು, ನಶೆ ಬೇಡವೆನ್ನುವ ಐದನೆಯದರಲ್ಲಿ ಮಾತ್ರ ನಿನ್ನ ಮಿಸ್ರಿಗೆ ರಿಯಾಯಿತಿ ಕೊಟ್ಟುಕೊಂಡಿದ್ದೀ. ದಿನಾ ಬೆಳಿಗ್ಗೆ ತಂಬಾಕು ಹುರಿದ ಕರಿ ಪುಡಿ ಹಲ್ಲಿಗೆ ತಿಕ್ಕುವಾಗ ಯಾವ ಶೀಲವೂ ಅಡ್ಡ ಬರುವುದಿಲ್ಲ. ಇರಲಿ, ಮುನಿಸಿಕೊಳ್ಳಬೇಡ. ಅಪ್ಪನ ಶೀಲ ನನ್ನ ಒಂದು ಮಾತಿನಿಂದ ಮುರಿಯುವಷ್ಟು ಸಡಿಲಾಗಿರಲಿಲ್ಲ ಅವ್ವಾ. ಆದರೆ ನಿನ್ನ ಒಂದು ಮಾತಿನಿಂದ ಅಶ್ವಜಿತ ಬಂದ ದಾರಿಯಲ್ಲೇ ಹೋಗಿಬಿಡುತ್ತಾನೆ. ಮತ್ತೆ ಬರುವುದಿಲ್ಲ.

ಅವನಿಗೆ ಅರೆಬರೆ ಸುಳ್ಳು ನಡೆಯದು, ಸಿಗಾರೇ ಅವನ ಕಸುಬು. ಅದಕ್ಕೇ ನಾನು ಸಿಗಾರನ್ನು ಸೇದಿದೆ. ಹೌದು, ನಾನೇ, ಔರಾದ ಪ್ರೌಢಶಾಲೆಯ ವಿಜ್ಞಾನದ ಟೀಚರು. ಹೇಗೆ ಸೇದಬೇಕೆಂದು ಫೋನಿನಲ್ಲಿ ನೋಡಿ ಕಲಿತೆ. ಮೊದಲನೆಯದನ್ನು ಹಾಳು ಮಾಡಿದೆ. ಬೀಡಿಯ ಹಾಗೆ ಒಂದರ ಮೇಲೊಂದು ದಮ್ಮು ಎಳೆದೆ, ಬಾಯಿ ಕಹಿಯಾಯಿತು, ತುದಿ ಒದ್ದೆಯಾಗಿ ಬಿಚ್ಚಿಕೊಂಡಿತು, ತಲೆ ತಿರುಗಿ ಬಚ್ಚಲಿಗೆ ಓಡಿದೆ. ನಿನ್ನ ಅಳಿಯ ನೀರಿನ ಚಂಬು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನಗಲೂ ಇಲ್ಲ, ಬೈಯಲೂ ಇಲ್ಲ. ಎರಡನೆಯದನ್ನು ಮೊನ್ನೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಿನ ಬೇವಿನ ನೆರಳಲ್ಲಿ ಕೂತು ಸರಿಯಾಗಿ ಸೇದಿದೆ. ವಾಸನೆಗೆ ಕಾಂಪೌಂಡಿನ ಆಚೆಯಿಂದ ವಹೀದಾ ಬಗ್ಗಿ ನೋಡಿ, "ಯಾರರೆ ದೊಡ್ಡ ಸಾಹೇಬ್ರು ಬಂದಾರೇನ್ರಿ ಟೀಚರ?" ಎಂದಳು. ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟು ಹೌದು ಎಂದೆ. ಸೆರಗಿಗೊಂದು ತೂತು ಬಿತ್ತು.

ಈಗ ಗಮನವಿಟ್ಟು ಓದು. ಗಿಡ್ಡ ಅಂದರೆ ನನ್ನ ನಡುಬೆರಳಿಗಿಂತ ತುಸು ಉದ್ದ, ಹೆಬ್ಬೆರಳಿನಷ್ಟು ದಪ್ಪ. ಉದ್ದನೆಯವನ್ನು ಸೇದಲು ಒಂದೂವರೆ ತಾಸಾದರೂ ಬೇಕಂತೆ. ಇದಕ್ಕೆ ಅರ್ಧ ತಾಸು ಸಾಕು, ಹೆಚ್ಚೆಂದರೆ ಮುಕ್ಕಾಲು. ಚಿಕ್ಕದಾದರೂ ಒಳಗಿನದು ಅದೇ ಒಳ್ಳೆಯ ಎಲೆ, ಒಂದೂ ತುಂಡಾಗದ ಉದ್ದ ಎಲೆ, ಕೈಯಲ್ಲಿ ಸುತ್ತಿದ್ದು. ಹೊರಗಿನ ಎಲೆ ಎಣ್ಣೆ ಒರೆಸಿದಂತೆ ಮಿರುಗುತ್ತದೆ. ಮೆಲ್ಲಗೆ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು, ಚರಪರ ಅನ್ನಬಾರದು. ಹಚ್ಚುವ ಮೊದಲು ಮೂಗಿಗೆ ಹಿಡಿದರೆ ಒಣಗಿದ ಜೋಳದ ಕಣಿಕೆಯದೂ ಹೊಸ ಚಪ್ಪಲಿಯದೂ ವಾಸನೆ, ಅದರ ಹಿಂದೆ ಮಕ್ಕಳು ಪೆನ್ಸಿಲ್ ಕೆತ್ತಿದಾಗ ಬರುವಂಥದ್ದು. ಮೇಲಿನ ತುದಿಯನ್ನು ಬ್ಲೇಡಿನಿಂದ ಉಗುರಿನಷ್ಟೇ ಕೊಯ್ಯಬೇಕು. ಕೆಳಗಿನ ತುದಿಯನ್ನು ಕಡ್ಡಿಯ ಉರಿಗೆ ತಾಗಿಸದೆ, ರೊಟ್ಟಿ ಕಾಯಿಸುವ ಹಾಗೆ ತಿರುಗಿಸಿ ತಿರುಗಿಸಿ ಸುತ್ತಲೂ ಕೆಂಪಾಗಿಸಬೇಕು. ಸೀಮೆಎಣ್ಣೆ, ಪೆಟ್ರೋಲು ಲೈಟರು ಹತ್ತಿರವೂ ಬರಬಾರದು, ಎಲೆಗೆ ಅದರ ನಾತ ಹಿಡಿಯುತ್ತದೆ.

ಹೊಗೆಯನ್ನು ಎದೆಗೆ ಇಳಿಸುವುದಿಲ್ಲ. ಬಾಯಲ್ಲಿ ಹಿಡಿದು, ನಾಲಿಗೆಗೆ ಮುಟ್ಟಿಸಿ ಬಿಟ್ಟುಬಿಡುವುದು. ಒಂದು ದಮ್ಮು ಎಳೆದ ಮೇಲೆ ಸುಮ್ಮನೆ ಕೂತಿರಬೇಕು. ಅವಸರ ಮಾಡಿದರೆ ಅದು ಕಾದು ಕಹಿಯಾಗುತ್ತದೆ. ಮೊದಮೊದಲು ಕರಿಮೆಣಸು ಕಡಿದಂತೆ ಚುರುಕು. ನಡುವೆ ಮೆತ್ತಗಾಗಿ ಹುರಿದ ಶೇಂಗಾದ ರುಚಿ ಬರುತ್ತದೆ, ಸ್ವಲ್ಪ ಸಿಹಿ ಕೂಡ. ನಾನು ಕಣ್ಣು ಮುಚ್ಚಿದ್ದು ಅಲ್ಲಿಯೇ. ಕೊನೆಗೆ ಹಾಲಿಲ್ಲದ ಗಟ್ಟಿ ಕಾಫಿಯ ಹಾಗೆ ಭಾರ. ಬೂದಿ ಬೀಡಿಯದರಂತೆ ಉದುರುವುದಿಲ್ಲ, ಬೆಳ್ಳಗೆ, ಬೆರಳಿನ ಒಂದು ಗೆಣ್ಣಿನಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಮುಗಿದಾಗ ನೆಲಕ್ಕೆ ತಿಕ್ಕಿ ನಂದಿಸಬಾರದು. ಇಟ್ಟರೆ ತಾನೇ ಆರುತ್ತದೆ.

ಸುಳ್ಳಿಗಾಗಿ ಕೂತವಳು ನಾನು, ಆದರೆ ನಡುವೆ ಏನಾಯಿತೋ. ಅಪ್ಪ ಹೋದಾಗಿನಿಂದ ಅಡುಗೆ, ಶಾಲೆ, ಬಸ್ಸು ಎಂದು ಓಡಾಡುತ್ತಲೇ ಇದ್ದೆ. ಅರ್ಧ ತಾಸು ಒಂದೇ ಕಡೆ ಸುಮ್ಮನೆ ಕೂತದ್ದು ಅದೇ ಮೊದಲು. ಕೂತರೆ ಅಪ್ಪ ಬಂದುಬಿಡುತ್ತಾರೆ. ಈ ಮನುಷ್ಯ ಇದನ್ನು ಹೇಗೆ ಹಿಡಿಯುತ್ತಿದ್ದರು, ಗೇರು ಹಾಕುವ ಎಡಗೈಯಲ್ಲೋ, ಬಲಗೈಯಲ್ಲೋ ಎಂದು ಯೋಚಿಸುತ್ತ ಯೋಚಿಸುತ್ತ ಜೋರಾಗಿ ಅತ್ತೆ. ಸಾಯುವ ತನಕ ಮಗನ ಹೆಸರು ಹಿಡಿದು ಕರೆಯಲಿಲ್ಲ ಎಂದು ಅಪ್ಪನ ಮೇಲೆ ಸಿಟ್ಟೂ ಬಂತು. ಅಷ್ಟು ಶೀಲವಂತರಾಗಿ ಏನು ಗಳಿಸಿದರು?

ಇನ್ನು ನೀನು ಹೇಳಬೇಕಾದ್ದು. ಒಂದು ದಿನ ಅಪ್ಪ ಊಟ ಮಾಡಿ ಕಟ್ಟೆಯ ಮೇಲೆ ಕೂತಿದ್ದರು. ನೀನು ಪಾರ್ಸಲ್ ಕೊಟ್ಟೆ. ಬಹಳ ಹೊತ್ತು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು, ಮೂಸಿದರು. ದಾಡಿಯ ಬ್ಲೇಡು ತರಲು ಹೇಳಿದರು. ಕಡ್ಡಿಯಿಂದ ಹಚ್ಚಿದರು. ನಡುವೆ ಮಾತಾಡಲಿಲ್ಲ. ಆರಿದ ಮೇಲೆ "ಕೆಲಸ ಛಲೋ ಮಾಡ್ಯಾರ" ಎಂದು ಎದ್ದು ಹೋದರು. ಇಷ್ಟೇ. ಇದಕ್ಕಿಂತ ಹೆಚ್ಚು ಸೇರಿಸಬೇಡ. ಅಪ್ಪ ಹೊಗಳಿದರು, ಕಣ್ಣೀರು ಹಾಕಿದರು ಎಂದೆಲ್ಲ ಅಂದರೆ ಅವನು ನಂಬುವುದಿಲ್ಲ, ಅವನಿಗೂ ಅಪ್ಪ ಗೊತ್ತು.

ಡಬ್ಬಿಯಲ್ಲಿ ನಾನು ಸೇದಿ ಉಳಿದ ತುದಿ ಇದೆ, ಅದರ ಕೊರಳಿನ ಕಾಗದದ ಉಂಗುರವೂ ಇದೆ. ಅವನಿಗೆ ತೋರಿಸು. ತುದಿ ನೋಡಿದರೆ ಸೇದಿದವರು ಅವಸರದವರೋ ಸಮಾಧಾನದವರೋ ಎಂದು ಅವನಿಗೆ ತಿಳಿಯುತ್ತದೆ. ಇದು ಕಡಿದಿಲ್ಲ, ಒದ್ದೆಯಾಗಿಲ್ಲ, ಒಂದೇ ಸಮ ಉರಿದಿದೆ. ಒಂದು ಹಾಳಾಯಿತೆಂದು ಹೇಳು, ಅಪ್ಪನಿಗೂ ಮೊದಲ ಸಲವೇ ತಾನೇ. ಉಳಿದ ಮೂರನೆಯದೂ ಅದರಲ್ಲಿದೆ. ದಯವಿಟ್ಟು ಅದನ್ನು ತವೆಯ ಮೇಲೆ ಹುರಿದು ಮಿಸ್ರಿ ಮಾಡಿಕೊಳ್ಳಬೇಡ. ಅಶ್ವಜಿತ ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು ಸೇದಲಿ, ನೀನು ಪಕ್ಕದಲ್ಲಿ ಕೂತಿರು. ಓದಿದ ಮೇಲೆ ಈ ಪತ್ರವನ್ನು ಒಲೆಗೆ ಹಾಕು.

ಊಟ ಬಿಡಬೇಡ. ಬಿಪಿ ಗುಳಿಗೆ ಮರೆಯಬೇಡ.

ಹುಣ್ಣಿಮೆಯ ದಿನ ನಿನ್ನ ಮುಖ ನೋಡಲು ಕಾದಿರುವ
ವಿಶಾಖಾ

ತಾ.ಕ.: ಇದನ್ನು ಬರೆಯಬಾರದೆಂದು ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಅವ್ವಾ, ಆ ಪಾರ್ಸಲನ್ನು ಮೊದಲು ತೆರೆದವಳು ನಾನು. ದುಬೈಯಲ್ಲಿ ಅಶ್ವಜಿತ ಸುತ್ತಿದ ಟೇಪು ಒಂದು ಕಡೆಯೂ ಬಿಚ್ಚಿರಲಿಲ್ಲ. ನಜಮೋದ್ದೀನ ಕಾಕಾರಿಗೆ ಫೋನು ಮಾಡಿ ಕೇಳಿದೆ. ಅವರು ಬಂದಾಗ ಅಪ್ಪ ಹೊಲದಲ್ಲಿದ್ದರಂತೆ. "ಅವರ ಸಿಟ್ಟು ಇಳಿದ ದಿನ ನೋಡಿ ಕೊಡ್ತೇನ್ರಿ" ಎಂದು ನೀನೇ ಇಸಿದುಕೊಂಡೆಯಂತೆ. ಆ ದಿನ ಬರುವ ಮೊದಲೇ ಅಪ್ಪ ಹೋದರು. ಅವರು ಬೇಡ ಅನ್ನಲಿಲ್ಲ. ಮಗ ಕಳಿಸಿದ್ದಾನೆಂಬುದೇ ಅವರಿಗೆ ಗೊತ್ತಿರಲಿಲ್ಲ. ಕಾಕಾ ಯಾರ ಮುಂದೂ ಬಾಯಿ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ನಿಜ ತಿಳಿದರೆ ಅಶ್ವಜಿತನಿಗೆ ಅಪ್ಪನ ಜೊತೆ ನೀನೂ ಇಲ್ಲದಂತಾಗುತ್ತೀ. ಆದರೆ ನನ್ನ ಮುಂದೆ ಇನ್ನು ನಾಲ್ಕನೇ ಶೀಲದ ಮಾತು ಬೇಡ. ನಿನ್ನದೂ ಸುಳ್ಳು, ನನ್ನದೂ ಸುಳ್ಳು. ಎರಡರಲ್ಲಿ ಒಂದನ್ನು ಅವನಿಗೆ ಹೇಳಲೇಬೇಕು. ನನ್ನದನ್ನು ಹೇಳು.