ಹೊಂಗೆಎಣ್ಣೆ ಕುಡಿದ ಬೇಲಿ

೭ ಜೂನ್ ೧೯೯೮, ಭಾನುವಾರ. ತಿ. ನರಸೀಪುರ

ಸಂಜೆಯ ಮಳೆಯನ್ನು ಮರದ ಬೇಲಿ ತಡೆದುಕೊಂಡಿತು. ಹೋದ ವರ್ಷ ಡಬ್ಬದ ಮೇಲಿನ ಇಂಗ್ಲಿಷ್ ಸೂಚನೆ ಓದಿ ವಾರ್ನಿಷ್ ಬಳಿದಿದ್ದೆ. ಬಿಸಿಲಿಗೆ ಗುಳ್ಳೆಯೆದ್ದು, ಮಳೆನೀರು ಒಳಗಿಳಿದು ಎರಡು ಹಲಗೆ ಕೊಳೆತವು. ಈ ಸಲವೂ ಕೆಟ್ಟರೆ ಬೇಲಿ ಕಿತ್ತು ಕಲ್ಲುಕಂಬ ನೆಡಿಸುತ್ತೇನೆಂದು ಇವರು ಹೇಳಿಬಿಟ್ಟಿದ್ದರು.

ಮೂಗೂರಿನಲ್ಲಿ ಎತ್ತಿನ ಗಾಡಿ ಮಾಡುವ ಬೆಟ್ಟಯ್ಯ ನೋಡಿ ನಕ್ಕಿದ್ದರು. "ಡಬ್ಬ ಬರ್ದೋನು ನಮ್ಮ ಬಿಸ್ಲು ಕಂಡವ್ನಾ ಅಮ್ಮಾವ್ರೇ? ಗಾಡಿಗೆ ಯಾರಾದ್ರೂ ವಾರ್ನೀಸ್ ಒಡೀತಾರಾ? ಒಂಗೆ ಎಣ್ಣೆ ಕುಡ್ಸಿ, ಮರ ಸಾಕು ಅನ್ನೋಗಂಟ."

ಮೂರು ವಾರ ಕುಡಿಸಿದೆ. ಇಂದು ನೀರು ಹಲಗೆಯ ಮೇಲೆ ಮಣಿಮಣಿಯಾಗಿ ಉರುಳಿಹೋಯಿತು. ಇವರೂ ನೋಡಿದರು, ಕಂಬದ ಮಾತೆತ್ತಲಿಲ್ಲ.

ಅಚ್ಚಾದದ್ದನ್ನೆಲ್ಲ ನಾನೇಕೆ ಅಷ್ಟು ಬೇಗ ನಂಬುತ್ತೇನೆ? ಎರಡು ಸಲ ಸೋಪು ಹಾಕಿದರೂ ಕೈಯಿಂದ ಎಣ್ಣೆಯ ವಾಸನೆ ಹೋಗಿಲ್ಲ. ಮೂರನೆಯ ಸಲ ತೊಳೆಯಬೇಕೆನಿಸಲಿಲ್ಲ.