ಏಳನೇ ಕೋಣೆಯ ಹೊದಿಕೆಗಳು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಗುಬ್ಬಚ್ಚಿಗೆ, ನಿನ್ನಕ್ಕನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ ಎಂದು ಬರೆದು ಹೊಡೆದುಹಾಕಿದೆ. ಕ್ಷೇಮವೇನೋ ಹೌದು, ಸಮಾಧಾನವಿಲ್ಲ. ನೀನು ಕೆಲಸ ಬಿಟ್ಟು ಅಣ್ಣನ ಮನೆಗೆ ಹೋಗಿ ಎರಡು ತಿಂಗಳಾಯಿತು. ನಿನ್ನ ಎರಡು ಪತ್ರಗಳಿಗೂ ನಾನು ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಎಂದು ಅತ್ತಿಗೆಗೆ ಹೇಳಿದ್ದು ಸುಳ್ಳು. ಈ ವೃದ್ಧಾಶ್ರಮದಲ್ಲಿ ಕೆಲಸ ಯಾವತ್ತು ಕಡಿಮೆ ಇತ್ತು ಹೇಳು? ನಿನಗೆ ಮುಖ ತೋರಿಸುವ ಧೈರ್ಯ ಇರಲಿಲ್ಲ, ಕಾಗದದಲ್ಲೂ ಸಹ. ಕ್ಷಮಿಸು ಎಂದು ಈಗಲೇ ಬರೆಯುವುದಿಲ್ಲ. ಮೊದಲು ಪೂರ್ತಿ ಓದು.

ಇಲ್ಲಿ ಒಗೆಯುವ ಕೋಣೆಯ ದೊಡ್ಡ ಯಂತ್ರ ಈಗಲೂ ಜೋರಾಗಿ ತಿರುಗುವಾಗ ಗೋಡೆಯ ತನಕ ನಡೆದುಕೊಂಡು ಹೋಗುತ್ತದೆ. ನಿನ್ನ ಹಾಗೆ ಸೊಂಟ ಕೊಟ್ಟು ಅದನ್ನು ಹಿಂದಕ್ಕೆ ತಳ್ಳುವವರು ಯಾರೂ ಇಲ್ಲ. ಅಡುಗೆಯವಳು ದಿನವೂ ನಿನ್ನ ಹೆಸರೆತ್ತುತ್ತಾಳೆ. "ಆ ಹುಡುಗಿ ಇದ್ದಾಗ ಟವೆಲ್ಲು ಸೋಪಿನ ವಾಸನೆ ಬರ್ತಿತ್ತು, ಈಗ ನಾಯಿ ಮಲಗೆದ್ದ ವಾಸನೆ ಬರುತ್ತೆ" ಅನ್ನುತ್ತಾಳೆ. ಅದನ್ನು ಹೇಳುವಾಗ ನನ್ನನ್ನೇ ನೋಡುತ್ತಾಳೆ.

ಏಳನೇ ಕೋಣೆಯ ಗಡಿಯಾರದಜ್ಜ ನೆನಪಿದ್ದಾನಲ್ಲ, ಗಡಿಯಾರ ರಿಪೇರಿ ಮಾಡುತ್ತಿದ್ದವನು? ಅವನ ಬೆರಳ ಸಂದಿಯಲ್ಲಿ, ಮೊಣಕೈಯಲ್ಲಿ ದಪ್ಪಗೆ ಹೊಟ್ಟು ಕಟ್ಟಿತ್ತು. ನಾನದನ್ನು ಒಣ ಚರ್ಮ ಅಂದುಕೊಂಡೆ. ದಾಖಲೆ ಪುಸ್ತಕದಲ್ಲಿ "ಒಣ ಚರ್ಮ, ಎಣ್ಣೆ ಹಚ್ಚಿದೆ" ಎಂದು ಬರೆದೆ. ಮಾರನೆಯ ದಿನ "ಮೇಲಿನಂತೆ". ಅದರ ಮಾರನೆಯ ದಿನವೂ "ಮೇಲಿನಂತೆ". ನಲವತ್ತೊಂದು ದಿನ ಹಾಗೇ ಬರೆದಿದ್ದೇನೆ, ಗುಬ್ಬಿ. ಕೋಣೆಗೆ ಹೋಗುವ ಮುಂಚೆಯೇ ಬರೆದಿಟ್ಟ ದಿನಗಳೂ ಇವೆ.

ಅದು ಕಜ್ಜಿ. ಅಂತಿಂಥ ಕಜ್ಜಿಯಲ್ಲ. ಸಾಮಾನ್ಯ ಕಜ್ಜಿಯಾದರೆ ಮೈಮೇಲೆ ಹತ್ತು ಹದಿನೈದು ಹುಳ ಇರುತ್ತವಂತೆ, ಇಂಥ ಹೊಟ್ಟು ಕಟ್ಟಿದ್ದರಲ್ಲಿ ಲೆಕ್ಕವೇ ಇಲ್ಲವಂತೆ. ಅಜ್ಜನ ಮೈಯಲ್ಲಿ ಶಕ್ತಿಯಿಲ್ಲ, ಅದಕ್ಕೇ ಅವನು ಹೆಚ್ಚು ತುರಿಸಿಕೊಳ್ಳಲೂ ಇಲ್ಲ. ಉದುರಿದ ಹೊಟ್ಟಿನಲ್ಲೂ ಹುಳಗಳು ಬದುಕಿರುತ್ತವೆ. ಆ ಹೊಟ್ಟು ಯಂತ್ರದ ಜಾಲರಿಗೆ ಕಟ್ಟಿಕೊಳ್ಳುತ್ತದೆಂದು ಏಳನೇ ಕೋಣೆಯ ಹೊದಿಕೆಗಳನ್ನು ಒಗೆಯುವ ಮೊದಲು ಹಿಂಬಾಗಿಲಲ್ಲಿ ಚೆನ್ನಾಗಿ ಕೊಡವಬೇಕೆಂದು ನಿಯಮ ಮಾಡಿದವಳು ಮೇಲ್ವಿಚಾರಕಿಯಾದ ನಾನು. ಅಂಟುರೋಗದ ಕೋಣೆಗೆ ಮಾತ್ರ ಕೈಗವಸು ಎಂದು ಬೀರುವಿಗೆ ಬೀಗ ಹಾಕಿಕೊಂಡವಳೂ ನಾನೇ. ನೀನು ಬರಿಗೈಯಲ್ಲಿ ಕೊಡವಿದೆ. ಮೂಗಿಗೆ ಸೆರಗು ಕಟ್ಟಿಕೊಂಡು, ಹಾಡು ಗುನುಗಿಕೊಂಡು ಕೊಡವಿದೆ.

ಆಮೇಲಿನದು ನಿನಗೇ ಗೊತ್ತು. ನಿನ್ನ ಮಣಿಕಟ್ಟಿನ ಮೇಲೆ ಕೆಂಪು ಗುಳ್ಳೆ ಎದ್ದವು. ಇಡೀ ಕಟ್ಟಡದಲ್ಲಿ ತುರಿಸಿಕೊಳ್ಳುತ್ತಿದ್ದವಳು ನೀನೊಬ್ಬಳೇ. ಹಾಗಾಗಿ ನೀನೇ ಹೊರಗಿನಿಂದ ತಂದೆ ಎಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಿನ್ನನ್ನು ಕಳಿಸಿಬಿಟ್ಟರು.

ನೀನು ಹೋಗಿ ಮೂರು ವಾರವಾದ ಮೇಲೆ ಒಬ್ಬೊಬ್ಬರೇ ತುರಿಸಿಕೊಳ್ಳತೊಡಗಿದರು. ಸ್ನಾನ ಮಾಡಿಸುವ ಇಬ್ಬರು ಹೆಂಗಸರು, ಆಮೇಲೆ ಕಾವಲುಗಾರ, ಕಡೆಗೆ ಎಂಟನೇ ಕೋಣೆಯ ಅಜ್ಜಿ. ಆಗ ಚರ್ಮದ ಡಾಕ್ಟರಮ್ಮ ಬಂದರು. ಅಜ್ಜನ ಕೈಯ ಹೊಟ್ಟನ್ನು ಒಂದಿಷ್ಟು ಕೆರೆದು, ಗಾಜಿನ ಮೇಲಿಟ್ಟು ನೋಡಿ, ದಾಖಲೆ ಪುಸ್ತಕ ತರಿಸಿದರು. "ಈ ಮೇಲಿನಂತೆ ಮೇಲಿನಂತೆ ಅಂತ ಬರೆದೋರು ಯಾರು?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು.

ನಮ್ಮ ಮ್ಯಾನೇಜರ್ ನಡುವೆ ಬಾಯಿ ಹಾಕಿ, "ಮೊದಲು ತುರಿಕೆ ಬಂದಿದ್ದು ಬಟ್ಟೆ ಒಗೆಯೋಳಿಗೆ ಡಾಕ್ಟ್ರೇ, ಅವಳಿಂದಲೇ ಅಲ್ವಾ?" ಎಂದ.

ಡಾಕ್ಟರಮ್ಮ ಅಲ್ಲವೆಂದು ತಲೆಯಾಡಿಸಿದರು. "ಹೊಸಬರಿಗೆ ಹುಳ ಹತ್ತಿ ತುರಿಕೆ ಶುರುವಾಗೋಕೆ ಒಂದು ತಿಂಗಳಾದ್ರೂ ಬೇಕು. ಹಿಂದೆ ಯಾವಾಗಲಾದ್ರೂ ಒಂದ್ಸಲ ಆಗಿದ್ದೋರಿಗೆ ಎರಡು ಮೂರು ದಿನಕ್ಕೇ ಬರುತ್ತೆ. ಆ ಹುಡುಗಿಗೆ ಹಿಂದೆ ಆಗಿರ್ಬೇಕು. ಪಾಪ, ನಿಮಗೆಲ್ಲ ಮೊದಲೇ ಎಚ್ಚರಿಕೆ ಕೊಟ್ಟಿದ್ದಾಳೆ. ನೀವು ಅವಳನ್ನೇ ಓಡಿಸಿದೀರ."

ಒಂದೇ ದಿನ ಎಲ್ಲರಿಗೂ ಕುತ್ತಿಗೆಯಿಂದ ಕಾಲಿನ ತನಕ ಮುಲಾಮು ಹಚ್ಚಿಸಿದರು, ತುರಿಕೆ ಇದ್ದವರಿಗೂ ಇಲ್ಲದವರಿಗೂ. ಕಾವಲುಗಾರ "ಗೋಡೆಗೆ ಸುಣ್ಣ ಹೊಡೆದ ಹಾಗಾಯ್ತಲ್ಲಪ್ಪ" ಎಂದು ಎಲ್ಲರನ್ನೂ ನಗಿಸಿದ. ವಾರ ಬಿಟ್ಟು ಮತ್ತೊಮ್ಮೆ ಹಚ್ಚಿದೆವು. ಅಜ್ಜನಿಗೆ ಬೇರೆ ಮಾತ್ರೆಯನ್ನೂ ಕೊಟ್ಟರು. ಈಗ ಅವನ ಬೆರಳುಗಳು ಮಡಚಲು ಬರುತ್ತವೆ. ಮೊನ್ನೆ ಕಾವಲುಗಾರನ ಕೈಗಡಿಯಾರ ಬಿಚ್ಚಿ ಕೂತಿದ್ದ. ತಿರುಗಿ ಜೋಡಿಸಲಾಗಲಿಲ್ಲ ಎನ್ನುವುದು ಬೇರೆ ಮಾತು.

ಈಗ ನಿನ್ನ ವಿಷಯ. ನೀನು ಅರ್ಜಿ ಹಾಕಿದ ಆಸ್ಪತ್ರೆಯ ಬಟ್ಟೆ ವಿಭಾಗದವರು, ಹಿಂದಿನ ಕೆಲಸ ಯಾಕೆ ಬಿಟ್ಟಳು ಎಂದು ಕೇಳಿ ನಮಗೆ ಬರೆದಿದ್ದಾರೆ. ಮ್ಯಾನೇಜರ್ ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ಸ್ವಂತ ಇಚ್ಛೆಯಿಂದ ಬಿಟ್ಟಳು ಅಂತ ಬರೆದುಬಿಡಿ, ಇಬ್ರಿಗೂ ಒಳ್ಳೇದು" ಎಂದ. ನಾನು ಹಾಗೆ ಬರೆಯಲಿಲ್ಲ. ರೋಗ ಇಲ್ಲಿಯದು, ತಪ್ಪು ದಾಖಲೆ ನನ್ನದು, ಕೈಗವಸು ಕೊಡದವಳು ನಾನು ಎಂದು ಬರೆದು ಸಹಿ ಹಾಕಿದೆ. ಡಾಕ್ಟರಮ್ಮನ ಸಹಿಯನ್ನೂ ಹಾಕಿಸಿದ್ದೇನೆ. ಅದರ ಪ್ರತಿ ಇದರ ಜೊತೆಗಿದೆ. ನಾಳೆಯಿಂದ ನಾನು ಮೇಲ್ವಿಚಾರಕಿಯಲ್ಲ, ನಿನ್ನ ಯಂತ್ರದ ಮುಂದೆ ನಿಲ್ಲುತ್ತೇನೆ. ಅಯ್ಯೋ ಅನ್ನಬೇಡ. ಮಾಡಿದ್ದುಣ್ಣೋ ಮಹಾರಾಯ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವಳು ನಾನೇ ತಾನೆ.

ಆ ಕೆಲಸ ನಿನಗೆ ಸಿಗಲಿ. ಅಲ್ಲಿ ಮೊದಲ ದಿನವೇ ಕೈಗವಸು ಕೇಳು, ನಾಚಿಕೊಳ್ಳಬೇಡ. ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಮ್ಯಾನೇಜರ್ ನಿನ್ನನ್ನು ತೆಗೆಯುವ ಯೋಚನೆಯಲ್ಲೇ ಇರಲಿಲ್ಲ ಕಣೇ. "ವಾರ ರಜೆ ಕೊಟ್ಟು ಔಷಧಿ ಕೊಡಿಸೋಣ" ಎಂದಿದ್ದ. "ಅವಳಿಗೆ ಚಿಕ್ಕಂದಿನಿಂದಲೂ ಇದೆ ಸಾರ್, ಅದು ಹೋಗೋದಲ್ಲ" ಎಂದು ಹೇಳಿದವಳು ನಾನು. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿ ಇಬ್ಬರಿಗೂ ಒಟ್ಟಿಗೇ ಆಗಿತ್ತು, ಒಂದೇ ಬೇಸಿಗೆಯಲ್ಲಿ ವಾಸಿಯೂ ಆಗಿತ್ತು. ಅದನ್ನು ಹೇಳಲಿಲ್ಲ. ಅಜ್ಜನಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದವಳು ನಾನೇ. ನಿನಗಿಂತ ನಾಲ್ಕು ದಿನ ಮೊದಲೇ ನನಗೆ ತುರಿಕೆ ಶುರುವಾಗಿತ್ತು. ಉದ್ದ ತೋಳಿನ ರವಿಕೆ ಹಾಕಿಕೊಂಡು ಓಡಾಡುತ್ತಿದ್ದೆ. ಮ್ಯಾನೇಜರನ ಕಣ್ಣು ನನ್ನ ತೋಳಿನ ಮೇಲೆ ಬಿದ್ದ ಆ ಕ್ಷಣದಲ್ಲೇ ನಾನು ನಿನ್ನ ಮಾತೆತ್ತಿದ್ದು. ನೀನು ಹೊರಡುವಾಗ ಬಾಗಿಲಲ್ಲಿ ನಿಂತು, "ಹತ್ರ ಬರಬೇಡ ಅಕ್ಕ, ನಿಂಗೂ ಅಂಟಿಬಿಟ್ಟೀತು" ಅಂದೆ. ನಾನು ದೂರವೇ ನಿಂತೆ.