ಹಿಂದಿನ ಸೀಟಿನಲ್ಲಿ ನಿನ್ನ ಅಳಿಯ

ಹಡಪಸರ, ಪುಣೆ
೮ ಡಿಸೆಂಬರ್ ೨೦೨೪, ರವಿವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಗೌರಾ ಇಲ್ಲಿಂದಲೇ ಬಗ್ಗಿ ನಿನ್ನ ಕಾಲು ಮುಟ್ಟಿದ್ದಾಳೆ ಎಂದು ತಿಳಿದುಕೋ. ಓದುತ್ತಿರುವವರು ಸುಮಂಗಲಾ ವೈನಿಯೇ ಇರಬೇಕು. ವೈನಿ, ನಿಮಗೂ ನಮಸ್ಕಾರ. ಸ್ವಲ್ಪ ಜೋರಾಗಿ ಓದಿರಿ, ಅವ್ವನ ಎಡಗಿವಿ ಮಂದ. ನಡುವೆ ಆಕೆ ಬಾಯಿ ಹಾಕಿದರೆ ನಿಲ್ಲಿಸಬೇಡಿರಿ. ಅದಕ್ಕಾಗಿಯೇ ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಅವ್ವ ಹತ್ತು ಆಡಿರುತ್ತಾಳೆ.

ಅವ್ವ, ನಾವು ಮೊನ್ನೆ ಶುಕ್ರವಾರ ಸಂಜೆ ಮನೆ ಮುಟ್ಟಿದೆವು. ನಾನು, ನಿನ್ನ ಅಳಿಯಂದಿರು, ನಿನ್ನ ಮೊಮ್ಮಗಳು ಮಾಧುರಿ, ಮೂವರೇ. ಹದಿಮೂರು ದಿನ ನಮ್ಮದೇ ಗಾಡಿಯಲ್ಲಿ ಕನ್ಯಾಕುಮಾರಿಯ ತನಕ ಹೋಗಿ ಬಂದೆವು. ಎಲ್ಲರೂ ಆರಾಮ ಇದ್ದೇವೆ. ಆರಾಮ ಅಷ್ಟೇ ಅಲ್ಲ, ನಾನಂತೂ ಗೆದ್ದು ಬಂದಿದ್ದೇನೆ. ಯಾರನ್ನು ಗೆದ್ದೆ ಎಂದು ಕೇಳುತ್ತೀಯಾ? ನಿನ್ನನ್ನೇ.

ಇಪ್ಪತ್ತೇಳು ವರ್ಷದ ಹಿಂದೆ ನನ್ನ ಮದುವೆ ಗೊತ್ತಾದ ದಿನ ಒಲೆಯ ಮುಂದೆ ಕುಳಿತು ನೀನು ಅಂದದ್ದು ನಿನಗೆ ಮರೆತಿರಬಹುದು. 'ಡ್ರೈವರಗ ಕೊಡಾಕತ್ತೀರಿ. ಊರ ಮಂದೀನೆಲ್ಲ ಕಾಶಿಗೆ ಒಯ್ಯಾಂವ ಹೆಂಡ್ತೀನ ಓಣಿ ಗುಡಿಗೂ ಒಯ್ಯೂದಿಲ್ಲ, ಬರದಿಟ್ಕೊರ್ರಿ' ಎಂದಿದ್ದೆ. ಅಪ್ಪ ನಿನ್ನ ಮಾತು ಕೇಳಲಿಲ್ಲ, ಮದುವೆ ಮಾಡಿದ. ಆದರೆ ನಿನ್ನ ಮಾತೇ ಖರೆಯಾಯಿತು. ಪುಣೆ ಕ್ಯಾಂಪಿನ ಟ್ಯಾಕ್ಸಿ ಸ್ಟ್ಯಾಂಡಿನಿಂದ ಅವರು ಒಯ್ಯದ ಊರಿಲ್ಲ, ಆದರೆ ಒಯ್ದದ್ದೆಲ್ಲ ಮಂದಿಯನ್ನು. ದೀಪಾವಳಿ ಬಂದರೆ ಮಂದಿಗೆ ರಜೆ, ಅವರಿಗೆ ಸೀಜನ್. ನಾನು ಮಗಳನ್ನು ಕಟ್ಟಿಕೊಂಡು ಮನೆಯಲ್ಲಿ ಹಣತೆ ಹಚ್ಚುತ್ತಿದ್ದೆ. ಪ್ರತಿ ಪಂಚಮಿಗೆ ತವರಿಗೆ ಬಂದಾಗ ನೀನು ನನ್ನ ಮುಖ ನೋಡಿ ಏನೂ ಕೇಳದೆ ಸುಮ್ಮನಾಗುತ್ತಿದ್ದೆಯಲ್ಲ, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಈ ವರ್ಷ ಅವರ ಮಾಲಕರು ಹೊಸ ಗಾಡಿ ತಂದು ಹಳೆಯದನ್ನು ನಮಗೇ ಬಿಟ್ಟುಕೊಟ್ಟರು. ಹನ್ನೊಂದು ವರ್ಷ ಅವರೇ ಓಡಿಸಿದ ಗಾಡಿ. ಬಾಡಿಗೆ ಗಾಡಿಯ ಹಳದಿ ನಂಬರ್ ಪ್ಲೇಟು ಕಿತ್ತು ಮನೆಗಾಡಿಯ ಬಿಳಿ ಪ್ಲೇಟು ಹಾಕಿಸಿದ ದಿನ, ಗಾಡಿಯ ಸುತ್ತ ಎರಡು ಸುತ್ತು ಹಾಕಿ ಬಂದು, 'ಬುತ್ತಿ ಕಟ್ಟ. ಎಲ್ಲಾರೂ ಕೂಡಿ ತಿರಗಾಡಿ ಬರೂಣು' ಎಂದರು. ನನ್ನ ಹಿಗ್ಗನ್ನು ಏನು ಹೇಳಲಿ! ಎರಡು ದಿನ ಒಲೆ ಆರಿಸಲಿಲ್ಲ. ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಕರದಂಟು. ಒಂದು ಲಗ್ನಕ್ಕಾಗುವಷ್ಟು ಕಟ್ಟಿದ್ದೀ ಎಂದು ಮಾಧುರಿ ನಕ್ಕಳು.

ಆದರೆ ಮೊದಲ ದಿನವೇ ಗ್ರಹಚಾರ ಶುರುವಾಯಿತು. ಕೊಲ್ಹಾಪುರ ದಾಟಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದರು. ನಾವಿಬ್ಬರೂ ಕೈ ತೊಳೆದು ಕುಳಿತೆವು. ಹತ್ತು ನಿಮಿಷವಾದರೂ ಇವರ ಸುಳಿವಿಲ್ಲ. ಹುಡುಕಿಕೊಂಡು ಹೋದರೆ ಅಡುಗೆಮನೆಯ ಹಿಂದೆ, ಡ್ರೈವರುಗಳಿಗೆಂದೇ ಹಾಕಿದ ಬಾಕಿನ ಮೇಲೆ ಕುಳಿತು, ಊಟ ಮುಗಿಸಿ ಮಜ್ಜಿಗೆ ಕುಡಿಯುತ್ತಿದ್ದಾರೆ! ಗಿರಾಕಿ ಕರೆತಂದ ಡ್ರೈವರಿಗೆ ಅಲ್ಲಿ ಪುಕ್ಕಟೆ ಊಟವಂತೆ. ಗುರುತಿನ ವೇಟರು ಕೈ ತೋರಿಸಿದ, ಇವರು ಹೋಗಿ ಕುಳಿತರು. ಹೆಂಡತಿ, ಮಗಳು ಒಳಗೆ ದಾರಿ ಕಾಯುತ್ತಿದ್ದೇವೆ ಎಂದು ನಾನು ರೇಗಿದಾಗ ಲೋಟ ಕೆಳಗಿಟ್ಟು, 'ಅಯ್ಯ, ಮರತೇ ಬಿಟ್ಟಿದ್ದೆ ನೋಡು. ಕಾಲು ತಾವ ಈ ಕಡೆ ಬಂದ್ವು' ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ರಾತ್ರಿ ಲಾಡ್ಜಿನಲ್ಲಿ ನಮ್ಮ ಸಾಮಾನು ಮೇಲೆ ಮುಟ್ಟಿಸಿ, ತಾವು ಚಾದರ ಬಗಲಲ್ಲಿ ಇಟ್ಟುಕೊಂಡು ಗಾಡಿಯಲ್ಲಿ ಮಲಗಲು ಹೊರಟರು. ಮಾಧುರಿ ಬಾಗಿಲಿಗೆ ಅಡ್ಡ ನಿಂತು ತಡೆದಳು. ಮಾರನೆಯ ಬೆಳಿಗ್ಗೆಯಂತೂ ಕೇಳಬೇಡ. ನಾನು ಹೊಸ ಇಳಕಲ್ ಸೀರೆ ಉಟ್ಟು ಇಳಿದು ಬಂದೆ. ಅವರು ಹಿಂದಿನ ಬಾಗಿಲು ತೆರೆದು, ತಲೆ ತಗ್ಗಿಸಿ, ಮರಾಠಿಯಲ್ಲಿ 'ಬಸಾ ಮ್ಯಾಡಮ್' ಎಂದರು, ಕೂಡ್ರಿ ಮ್ಯಾಡಮ್ ಅಂತ! ಮಾಧುರಿ ಬಿದ್ದು ಬಿದ್ದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹಿಡಿಯಬಾರದು, ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕಲಿಸಿದವಳು ನೀನೇ. ಮದುವೆಯ ದಿನ ಹೆಂಗಸರು ಬಾಗಿಲು ಅಡ್ಡಗಟ್ಟಿ ಒಡಪು ಹೇಳಿಸಿದರಲ್ಲ, ನಾವು ಹೆಸರು ಹೇಳಿದ್ದು ಅದೇ ಕೊನೆ. ರೇಷನ್ ಅಂಗಡಿಯಲ್ಲಿ ಕೂಡ ಅವರ ಹೆಸರನ್ನು ಮಾಧುರಿಯಿಂದಲೇ ಹೇಳಿಸುತ್ತೇನೆ. ಅವರಿಗೆ ನಾನು ಮೊದಲು 'ಕೇಳಿಸ್ತೇನ' ಆಗಿದ್ದೆ, ಆಮೇಲೆ 'ಮಾಧುರಿ ಅವ್ವ' ಆದೆ. ಇಷ್ಟು ವರ್ಷ ಕಾದದ್ದಕ್ಕೆ ಈಗ ಮ್ಯಾಡಮ್ ಆದೆ!

ಗಾಡಿ ನಡೆಸುವಾಗ ಒಂದು ಮಾತಿಲ್ಲ. ಕನ್ನಡಿಯಲ್ಲಿ ಹಿಂದೆ ಕುಳಿತವರ ಮುಖ ನೋಡಬಾರದು, ಅವರ ಮಾತಿನಲ್ಲಿ ಬಾಯಿ ಹಾಕಬಾರದು ಎಂಬುದು ಅವರ ಕಸುಬಿನ ರೀತಿ. ಊರು ಬಂದರೆ ಗಾಡಿ ನೆರಳಿಗೆ ಹಚ್ಚಿ, ಹೆಗಲ ಮೇಲಿನ ಬಟ್ಟೆಯಿಂದ ಗಾಜು ಒರೆಸುತ್ತ, 'ನೀವು ನೋಡ್ಕೊಂಡು ಬರ್ರಿ, ನಾ ಗಾಡಿ ಹತ್ರ ಇರ್ತೀನಿ' ಎನ್ನುವುದೊಂದೇ ಪಾಠ. ಮೈಸೂರು ಅರಮನೆಗೆ ಎರಡು ತಾಸು, ಬೇಲೂರಿಗೆ ಒಂದು, ಫೋಟೋದ ಹುಚ್ಚಿನವರಿದ್ದರೆ ಇನ್ನರ್ಧ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಒಳಗೆ ಏನಿದೆ ಎಂದು ಕೇಳಿದರೆ ಗೊತ್ತಿಲ್ಲ. ಇಷ್ಟು ವರ್ಷ ದೇಶ ತಿರುಗಿದ ಮನುಷ್ಯ ನೋಡಿದ್ದು ಬರೀ ನೆರಳು, ನಲ್ಲಿ, ಚಹಾದ ಅಂಗಡಿ. ಗಾಡಿಯ ಪ್ಲೇಟು ಬಿಳಿಯಾಯಿತು, ಅಪ್ಪನದು ಇನ್ನೂ ಹಳದಿಯೇ ಎಂದು ಮಾಧುರಿ ಹೇಳಿದಾಗ ನನಗೆ ನಗು ಬರಲಿಲ್ಲ. ಕನ್ಯಾಕುಮಾರಿಯಲ್ಲಿ ಅಷ್ಟು ದೊಡ್ಡ ಸಮುದ್ರದ ಮುಂದೆ ನಿಂತು ನಾನು ಒಬ್ಬಳೇ ಎಂದು ಅಳು ಬಂತು. ಓಣಿಯ ಗುಡಿಗಾದರೂ ಸರಿ, ನನ್ನ ಪಕ್ಕದಲ್ಲಿ ನಡೆಯುತ್ತ ಬರುವವರು ನನಗೆ ಬೇಕಾಗಿದ್ದರು.

ಈಗ ಒಂದು ತಪ್ಪೊಪ್ಪಿಗೆ. ವೈನಿ, ಇದನ್ನು ಮೆಲ್ಲಗೆ ಓದಿರಿ. ಗುರುವಾರ ಹಂಪಿಯಿಂದ ವಿಜಯಪುರಕ್ಕೆ ಬರುವಾಗ ನಿಡಗುಂದಿಯ ಹತ್ತಿರ ಮುದ್ದೇಬಿಹಾಳದ ದಾರಿ ಕಂಡಿತು. ಅವರು ಗಾಡಿ ನಿಧಾನ ಮಾಡಿ, ಅವ್ವಾರನ್ನ ಮಾತಾಡ್ಸಿ ಬರೂಣೇನು ಎಂದು ಕೇಳಿದರು. ನಾನೇ ಬೇಡ ಎಂದೆ, ನೆಟ್ಟಗೆ ಹೋಗಿರಿ ಎಂದೆ. ತವರಿನ ದಾರಿ ಮರೆಯಾಗುವ ತನಕ ಹಿಂದೆ ತಿರುಗಿ ನೋಡುತ್ತಲೇ ಇದ್ದೆ. ಆದರೆ ಬಂದಿದ್ದರೆ ಏನಾಗುತ್ತಿತ್ತು? ನಾವು ಒಳಗೆ ಬರುತ್ತಿದ್ದೆವು, ಅವರು ಯಾವಾಗಿನಂತೆ ನಾಲ್ಕು ತುತ್ತು ನುಂಗಿ ಬೇವಿನ ಮರದ ಕೆಳಗೆ ಗಾಡಿಗೆ ಆತು ನಿಲ್ಲುತ್ತಿದ್ದರು. ನೀನು ಕಿಟಕಿಯಿಂದ ಅವರನ್ನು ನೋಡುತ್ತಿದ್ದೆ, ಆಮೇಲೆ ನನ್ನನ್ನು. ಆ ನೋಟಕ್ಕೆ ಹೆದರಿ ಹೆತ್ತ ತಾಯಿಯನ್ನು ಮೂವತ್ತು ಕಿಲೋಮೀಟರಿನಲ್ಲಿ ಬಿಟ್ಟು ಬಂದೆ. ಕ್ಷಮಿಸು.

ಶುಕ್ರವಾರ ಬೆಳಿಗ್ಗೆ ಗೋಳಗುಮ್ಮಟ. ಪ್ರವಾಸದ ಕೊನೆಯ ಜಾಗ, ಅಲ್ಲಿಂದ ಸೀದಾ ಮನೆ. ಅವರು ಹುಟ್ಟಿದ್ದು ಅದೇ ಜಿಲ್ಲೆಯ ಇಂಡಿಯಲ್ಲಿ, ಗಿರಾಕಿಗಳನ್ನು ಅಲ್ಲಿಗೆ ನೂರಾರು ಸಲ ತಂದವರು. ಗಾಡಿ ಮರದ ಕೆಳಗೆ ಹಚ್ಚಿ, 'ಒಂದ ತಾಸು ಹತ್ತತದ. ಮ್ಯಾಲೆ ಹತ್ತಿ ಒದರಿ ಬರ್ರಿ' ಎಂದರು. ನಾನು ಇಳಿಯಲೇ ಇಲ್ಲ. ನೀವು ಬಾರದಿದ್ದರೆ ನಾನೂ ಹೋಗುವುದಿಲ್ಲ, ಇದನ್ನು ನೋಡದೆಯೇ ಪುಣೆಗೆ ಹೋಗೋಣ ಎಂದೆ. ಅವರಿಗೆ ಪೇಚಾಯಿತು. 'ಹಟಾ ಮಾಡಬ್ಯಾಡ. ಗಾಡಿ ಬಿಟ್ಟು ಹ್ಯಾಂಗ ಬರ್ಲಿ? ಗಾಡಿ ಹತ್ರ ಡ್ರೈವರ್ ಇರಬೇಕು' ಎಂದರು.

ಆಗ ನೋಡು ನಿನ್ನ ಮೊಮ್ಮಗಳ ಧೈರ್ಯ! ಕೆಳಗಿಳಿದು ಬಂದಳು, ಅವರ ಅಂಗಿಯ ಜೇಬಿನಿಂದ ಕೀಲಿ ತೆಗೆದುಕೊಂಡಳು, ಹೋಗಿ ಸ್ಟೀರಿಂಗಿನ ಮುಂದೆ ಕುಳಿತಳು. ಸೀಟು ಮುಂದೆ ಎಳೆದಳು, ಕನ್ನಡಿ ತಿರುಗಿಸಿದಳು, ಪರ್ಸಿನಿಂದ ಲೈಸೆನ್ಸು ತೆಗೆದು ಅಪ್ಪನ ಕೈಗೆ ಕೊಟ್ಟಳು. 'ಡ್ರೈವರ್ ಅದಾಳಲ್ಲ ಅಪ್ಪಾ. ನೀ ಪ್ಯಾಸೆಂಜರ್. ಒಂದ ತಾಸು ಟೈಮ್ ಅದ, ನೋಡ್ಕೊಂಡು ಬಾ' ಎಂದಳು.

ಈ ಕಳ್ಳತನದಲ್ಲಿ ನನ್ನದೂ ಪಾಲಿತ್ತು, ಅವ್ವ. ಮಗಳು ಸ್ಟೀರಿಂಗ್ ಮುಟ್ಟಬಾರದು, ಮಂದಿಯ ಬಾಗಿಲು ತೆರೆಯುವುದು ನನಗೇ ಕೊನೆಯಾಗಲಿ ಎಂದು ಅವರು ಆಣೆ ಮಾಡಿದಂತೆ ಹೇಳುತ್ತಿದ್ದರು. ಆರು ತಿಂಗಳು ರವಿವಾರಕ್ಕೊಮ್ಮೆ ಆಕೆ ಸಾಸವಡದ ಗೆಳತಿಯ ಮನೆಗೆ ಎಂದು ಹೋಗುತ್ತಿದ್ದದ್ದು ಗಾಡಿ ಕಲಿಯಲು. ನಾನೇ ಸುಳ್ಳು ಹೇಳಿ ಕಳಿಸುತ್ತಿದ್ದೆ. ಅವರು ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೈಗುಳಕ್ಕೆ ನಾವಿಬ್ಬರೂ ತಯಾರಾಗಿಯೇ ಇದ್ದೆವು. ಕೇಳಿದ್ದು ಒಂದೇ ಮಾತು: 'ಘಾಟ್ ಹತ್ತಿಸೀಯೇನು?' ಸಾಸವಡದ ದಾರಿಯ ದಿವೇ ಘಾಟ್ ಹನ್ನೊಂದು ಸಲ ಹತ್ತಿಸಿದ್ದೇನೆ ಎಂದಳು ಮಗಳು. ಆಮೇಲೆ ಹೆಗಲ ಮೇಲಿನ ಗಾಡಿ ಒರೆಸುವ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ, ಆಕೆಯ ಕೈಗೆ ಕೊಟ್ಟರು. ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತವೆ.

ಮೆಟ್ಟಿಲು ಕಡಿದಾಗಿವೆ, ಅವ್ವ. ಮೂರನೆಯ ಅಂತಸ್ತಿಗೇ ಇಬ್ಬರಿಗೂ ತೇಕು ಹತ್ತಿತು. ಅವರು ಮುಂದೆ ಹೋಗಿ ನಿಂತು ಕೈ ಕೊಡುತ್ತಿದ್ದರು. ಮೇಲಿನ ಮಾಳಿಗೆಗೆ ಬಂದ ಕೂಡಲೇ ಊರೆಲ್ಲ ಬಿಟ್ಟು ಬಗ್ಗಿ ನೋಡಿ, 'ಗಾಡಿ ಕಾಣಸ್ತದ' ಎಂದರು. ಅದಕ್ಕೂ ಬೈದು ಒಳಗೆ ಕರೆದೊಯ್ದೆ. ಬೆಳಗಿನ ಹೊತ್ತು, ಶಾಲೆಯ ಮಕ್ಕಳು ಇನ್ನೂ ಬಂದಿರಲಿಲ್ಲ. ಗುಮ್ಮಟದ ಒಳಸುತ್ತಿನಲ್ಲಿ ಒಂದು ಕಡೆ ಪಿಸುಗುಟ್ಟಿದರೆ ಎದುರು ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ, ಕೂಗಿದರೆ ಏಳು ಸಲ ಮರುದನಿ ಕೊಡುತ್ತದೆ. ನನ್ನನ್ನು ಈ ಕಡೆ ನಿಲ್ಲಿಸಿ ಅವರು ಸುತ್ತು ಹಾಕಿ ಆ ಕಡೆ ಹೋದರು. ಗೋಡೆಗೆ ಬಾಯಿ ಹಚ್ಚಿ ಏನೋ ಅಂದರು. ಏನು ಅಂದರು ಎಂದು ಮಾತ್ರ ಬರೆಯಲಾರೆ, ಓದುವವರು ವೈನಿ. ಒಟ್ಟಿನಲ್ಲಿ ಒಂದು ತಾಸಿನದು ಎರಡು ತಾಸು ಹಿಡಿಯಿತು. ಪ್ಯಾಸೆಂಜರ್ ತಡ ಮಾಡಿದರು ಎಂದು ಕೆಳಗೆ ನಿನ್ನ ಮೊಮ್ಮಗಳು ಗಡಿಯಾರ ತೋರಿಸಿ ದಬಾಯಿಸಿದಳು.

ಅಲ್ಲಿಂದ ಪುಣೆಯ ತನಕ ಆಕೆಯೇ ನಡೆಸಿದಳು. ಅವರು ಹಿಂದೆ, ನನ್ನ ಪಕ್ಕದಲ್ಲಿ. ಸೊಲ್ಲಾಪುರದವರೆಗೆ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿ ಒತ್ತಿ ಚಾಪೆ ಸವೆಸಿದರು. ಊಟಕ್ಕೆ ನಿಂತಾಗ ಕಾಲು ಮತ್ತೆ ಹಿಂಬದಿಗೆ ತಿರುಗಿದವು, ಆದರೆ ತಾವೇ ನಿಂತರು, ನಕ್ಕರು, ಬಂದು ನಮ್ಮ ಮೇಜಿಗೆ ಕುಳಿತರು. ಉಳಿದ ಎರಡು ಹೋಳಿಗೆ ನಾನೇ ಬಡಿಸಿದೆ. ಟೆಂಭುರ್ಣಿ ದಾಟಿದ ಮೇಲೆ ಮಾತು ಶುರುವಾಯಿತು ನೋಡು, ಇಪ್ಪತ್ತೇಳು ವರ್ಷ ಕಟ್ಟಿಟ್ಟ ಮಾತು! ಯಾವ ಗಿರಾಕಿ ಯಾವ ತಿರುವಿನಲ್ಲಿ ವಾಂತಿ ಮಾಡಿಕೊಂಡ ಎನ್ನುವುದರಿಂದ ಹಿಡಿದು ಎಲ್ಲ ಹೇಳಿದರು. ಭಿಗವಣದ ಹತ್ತಿರ ನೀರು ಕಂಡಿತು, ಅದನ್ನು ತೋರಿಸೋಣ ಎಂದು ತಿರುಗಿದರೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ನಡೆಯುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದು ಅದೇ ಮೊದಲು. ಹಡಪಸರದ ಟ್ರಾಫಿಕ್ಕಿನ ಹಾರ್ನುಗಳಿಗೂ ಏಳಲಿಲ್ಲ.

ಓಣಿಯವರೆಲ್ಲ ಹೊರಗೆ ನಿಂತಿದ್ದರು. ಸ್ಟೀರಿಂಗಿನಿಂದ ಮಗಳು ಇಳಿದದ್ದು ನೋಡಿ ಎದುರು ಮನೆಯ ದೀಪಾಲಿ ವಹಿನಿ ಬಾಯಿಗೆ ಕೈ ಹಚ್ಚಿದರು. ಮಾಧುರಿ ಬಂದು ಹಿಂದಿನ ಬಾಗಿಲು ತೆರೆದು, ತಲೆ ತಗ್ಗಿಸಿ, 'ಬಸಾ' ಅಲ್ಲ, 'ಇಳೀರಿ ಸಾಹೇಬ್ರ, ಮನಿ ಬಂತು' ಎಂದಳು. ಅವರು ಸಾಹೇಬರ ಗತ್ತಿನಲ್ಲಿಯೇ ಇಳಿದರು. ವಹಿನಿ ರೊಟ್ಟಿಯ ತುಂಡು, ನೀರು ತಂದು ಮೂವರಿಗೂ ನಿವಾಳಿಸಿ ಚೆಲ್ಲಿದರು. ಹೊಸ್ತಿಲನ್ನು ಅವರು ನನಗಿಂತ ಮೊದಲು ದಾಟಿದರು, ಸಾಮಾನು ಹೊರದೆ, ಬರಿಗೈಯಲ್ಲಿ.

ಈಗ ಆ ನಿನ್ನ ಹಳೆಯ ಮಾತನ್ನು ಹಿಂದಕ್ಕೆ ತೆಗೆದುಕೋ. ಎಳ್ಳಮಾಸಿ ಹಬ್ಬಕ್ಕೆ ಬರುತ್ತೇವೆ. ಅಳಿಯನ ತಾಟು ಒಳಗೆ, ಎಲ್ಲರ ಸಾಲಿನಲ್ಲಿ ಹಾಕಿಸು. ಅವರು ಬೇವಿನ ಮರದ ಕಡೆ ಹೊರಟರೆ ಹಿಡಿದು ಕೂರಿಸುವ ಕೆಲಸ ನಿನ್ನದು. ಭಜ್ಜಿ ಪಲ್ಯಕ್ಕೆ ಕಾಯಿಪಲ್ಯ ನಾನು ತರುತ್ತೇನೆ.

ನಿನ್ನ ಹಟಮಾರಿ ಮಗಳು,
ಗೌರಾ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ. ವೈನಿ, ನಗುವುದಾದರೆ ನಕ್ಕುಬಿಡಿರಿ, ಆದರೆ ಜೋರಾಗಿಯೇ ಓದಿರಿ. ಗೋಡೆಯ ಆ ಕಡೆಯಿಂದ ಅವರು ಅಂದದ್ದು ನನ್ನ ಹೆಸರು. ಮೊದಲು ಪಿಸುಮಾತಿನಲ್ಲಿ 'ಗೌರಾ' ಎಂದರು, ಆಮೇಲೆ ಧೈರ್ಯ ಬಂದು ಕೂಗಿಯೇ ಬಿಟ್ಟರು. ಏಳು ಸಲ ಕೇಳಿಸಿತು, ಎಣಿಸಿದ್ದೇನೆ. ನಾನೂ ಸುಮ್ಮನೆ ನಿಲ್ಲಲಿಲ್ಲ, ಅವ್ವ. ಗೋಡೆಗೆ ಬಾಯಿ ಹಚ್ಚಿ 'ಶಂಕ್ರೆಪ್ಪಾ' ಎಂದು ಕೂಗಿದೆ. ಅದೂ ಏಳು ಸಲ ಬಂತು. ಆಯುಷ್ಯ ಕಡಿಮೆಯಾಗುತ್ತದೆ ಎಂದಿದ್ದೆಯಲ್ಲ, ಚಿಂತೆ ಮಾಡಬೇಡ. ಈ ಬೆಳಿಗ್ಗೆ ನಾಲ್ಕು ರೊಟ್ಟಿ ತಿಂದು, ಮಗಳು ಗಾಡಿ ತೊಳೆಯುತ್ತಿದ್ದರೆ ಎಲ್ಲೆಲ್ಲಿ ಕೆಸರು ಉಳಿದಿದೆ ಎಂದು ಕೈ ಮಾಡಿ ತೋರಿಸುತ್ತ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ.